ನನ್ನದೊಂದು ಗುಂಡು ನಿಮ್ಮ ಕಪಾಟಿನಲ್ಲಿದೆ

ಮದ್ದುಗುಂಡು ಪರವಾನಗಿ ಮತ್ತು ಸುಂಕದ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಕಪಾಟಿನಲ್ಲಿ, ಮೊಹರು ಒತ್ತಿದ ಒಂದು ಕವರಿನೊಳಗೆ ನನ್ನದೊಂದು ಗುಂಡು ಇದೆ. ಕಿರುಬೆರಳಿನ ಅರ್ಧದಷ್ಟು ಉದ್ದದ ಗುಂಡು. ಅದನ್ನು ನಾನು ಹಾರಿಸಿ ಗುರಿ ತಪ್ಪಿದೆ ಎಂದು ನಿಮ್ಮ ಆದೇಶ ಹೇಳುತ್ತದೆ. ಹಾರಿಹೋದ ಗುಂಡು ಕವರಿನೊಳಗೆ ಹೇಗೆ ಬಂತು ಸ್ವಾಮಿ ಎಂದು ಕೇಳಿದ್ದಕ್ಕೆ, ಇದು ಆ ಗುಂಡಲ್ಲ, ನೀವು ಲೆಕ್ಕಕ್ಕಿಂತ ಹೆಚ್ಚಾಗಿ ತಂದ ಗುಂಡು ಎಂದು ಇನ್ನೊಂದು ಆಪಾದನೆ ಹೊರಿಸಿದ್ದೀರಿ. ಅಂದರೆ ಗುರಿ ತಪ್ಪಿದವಳೂ ನಾನೇ, ಕದ್ದು ತಂದವಳೂ ನಾನೇ. ಆದ್ದರಿಂದ ನನ್ನ ಪರವಾನಗಿ ರದ್ದು. ಈ ತಿಂಗಳು ಮುಗಿಯುವುದರೊಳಗೆ ರೈಫಲ್ಲನ್ನು ನಿಮಗೆ ಒಪ್ಪಿಸಬೇಕು, ನೀವು ಅದನ್ನು ಕುಲುಮೆಗೆ ಕಳಿಸಿ ಕರಗಿಸುತ್ತೀರಿ.

ಇದನ್ನು ಊರಿಗೆಲ್ಲ ಕೇಳುವ ಹಾಗೆ ಬರೆಯಬೇಕೆಂಬ ಹುಚ್ಚು ನನಗಿರಲಿಲ್ಲ. ಮೊದಲು ಖುದ್ದಾಗಿಯೇ ಬಂದಿದ್ದೆ. ಗಾಜಿನ ಕಿಟಕಿಯ ಹಿಂದಿದ್ದ ಗುಮಾಸ್ತರು, "ಸಾಹೇಬ್ರು ಮೀಟಿಂಗಲ್ಲಿದಾರೆ, ಕೂತ್ಕೊಳ್ಳಿ" ಎಂದರು. ಕೂತುಕೊಳ್ಳುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದೆ. ನಿಮ್ಮ ವರಾಂಡದ ಆ ತುದಿಯಿಂದ ಈ ತುದಿಗೆ ನಾನು ಓಡಾಡಿದ್ದನ್ನು ನೋಡಿ ನಿಮ್ಮ ಕಾವಲುಗಾರ, "ಮೇಡಂ, ನಿಮ್ಮನ್ನ ನೋಡಿ ನೋಡಿ ನಂಗೇ ತಲೆ ಸುತ್ತು ಬರ್ತಿದೆ" ಎಂದ. ಪಾಪ, ಅವನಿಗೆ ಕುರ್ಚಿಯಿತ್ತು, ಕೂತ. ನಿಮ್ಮ ಮೀಟಿಂಗು ಆ ದಿನವೂ ಮುಗಿಯಲಿಲ್ಲ, ಮರುವಾರ ಬಂದಾಗಲೂ ಮುಗಿದಿರಲಿಲ್ಲ. ಇಷ್ಟು ದೊಡ್ಡ ಮೀಟಿಂಗಿನಲ್ಲಿ ಏನೇನು ತೀರ್ಮಾನವಾಗುತ್ತಿದೆಯೋ ಎಂದು ನೆನೆದರೆ ಹೆದರಿಕೆಯಾಗುತ್ತದೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ದರ್ಜಿ. ಹೊಸ ಬಟ್ಟೆ ಹೊಲಿಯುವವಳಲ್ಲ. ಬೇರೆಯವರು ಹೊಲಿದದ್ದನ್ನು ಬಿಚ್ಚಿ, ಗಿಡ್ಡ ಮಾಡಿ, ಸಡಿಲಿಸಿ, ಜಿಪ್ಪು ಬದಲಿಸಿ ಕೊಡುವವಳು. ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ನೇತುಹಾಕಿದ ಪ್ಯಾಂಟುಗಳ ನಡುವೆ ತೂರಿ ಹೋಗುವಷ್ಟೇ ಜಾಗ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ತವರಿನಲ್ಲಿ ಹೇಳುತ್ತಿದ್ದರು. ಇಲ್ಲಿ ನನ್ನ ಹೆಸರೇ ಗಿರಗಿಟ್ಲೆ. ಊಟಕ್ಕೆ ಕೂತರೆ ನಡುವೆ ಎದ್ದು ಕಿಟಕಿ ಹಾಕುತ್ತೇನೆ, ಮಾತಿನ ನಡುವೆ ಎದ್ದು ಅದೇ ಕಿಟಕಿ ತೆಗೆಯುತ್ತೇನೆ. ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುವವರು. "ಎಂಥಾ ಕೆಟ್ಟ ಲಿಫ್ಟನ್ನಾದ್ರೂ ಒಂದು ಬಟನ್ ಒತ್ತಿ ನಿಲ್ಲಿಸಬಹುದು, ನಿನಗೆ ಆ ಬಟನ್ನೇ ಇಟ್ಟಿಲ್ಲ ಕಣೇ" ಎನ್ನುತ್ತಾರೆ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ಇಸ್ತ್ರಿಪೆಟ್ಟಿಗೆ ಆರಿಸಿದ್ದೇನೋ ಇಲ್ಲವೋ ನೋಡಿ ಬಂದೆ. ಆರಿಸಿದ್ದೆ.

ನನ್ನನ್ನು ನಿಲ್ಲಿಸುವ ಬಟನ್ನು ಎಲ್ಲಿದೆ ಎಂದು ಕಂಡುಹಿಡಿದವರು ನನ್ನ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ರೈಫಲ್ ಹಾರಿಸುವಾಗ ತೊಡುವ ತಮ್ಮ ಶೂಟಿಂಗ್ ಜಾಕೆಟ್ಟನ್ನು ನನ್ನ ಮುಂದೆ ಎಸೆದು, "ಭುಜದ ಹತ್ರ ಹಿಡೀತಿದೆ, ಏನಾದ್ರೂ ಮಾಡು" ಎಂದರು. ದಪ್ಪ ಕ್ಯಾನ್ವಾಸಿನ, ಬಕಲ್ಲುಗಳ, ಮೊಣಕೈಗೆ ರಬ್ಬರು ಹಚ್ಚಿದ ಜಾಕೆಟ್ಟು. ಹಾಕಿಕೊಂಡು ಗುರಿಯಿಡಲು ಹೇಗೆ ಮಲಗುತ್ತೀರಿ ಎಂದು ನೋಡದೆ ನಾನು ಕತ್ತರಿ ಹಾಕುವುದಿಲ್ಲ ಎಂದೆ. ಸರಿ, ಗುಂಡು ಹಾರಿಸುವ ರೇಂಜಿಗೆ ಕರೆದುಕೊಂಡು ಹೋದರು. ಅಲ್ಲಿ ಚಾಪೆಯ ಮೇಲೆ ಬೋರಲಾಗಿ ಮಲಗಿ ತೋರಿಸಿದರು, ಆಮೇಲೆ ನನ್ನನ್ನೂ ಮಲಗಿಸಿದರು. "ಉಸಿರು ಅರ್ಧ ಬಿಡು. ನಿಲ್ಸು. ಈಗ ಬೆರಳು ಮಾತ್ರ." ಮಾನ್ಯರೇ, ನಾನು ಹುಟ್ಟಿದ ಮೇಲೆ ಮೊದಲ ಸಲ ನನ್ನ ಮೈಯಲ್ಲಿ ಒಂದೇ ಒಂದು ಬೆರಳು ಬಿಟ್ಟು ಬೇರೇನೂ ಅಲ್ಲಾಡದೆ ಇದ್ದದ್ದು ಆಗ. ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಎದ್ದಾಗ ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿ ನನಗೂ ಅತ್ತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಟೀಗೆ ಸಕ್ಕರೆ ಹಾಕುವುದರಿಂದ ಹಿಡಿದು ಪರದೆಯ ಬಣ್ಣದವರೆಗೆ ಯಾವುದರಲ್ಲೂ ತಾಳಮೇಳವಿಲ್ಲ. ಆದರೆ ರೇಂಜಿನಲ್ಲಿ ಒಂದು ದಿನವೂ ಜಗಳವಾಡಿಲ್ಲ. ಅವರ ಭುಜ ಕೈಕೊಟ್ಟ ಮೇಲೆ ರೈಫಲ್ಲನ್ನು ಕಾನೂನು ಪ್ರಕಾರ ನನ್ನ ಪರವಾನಗಿಗೆ ವರ್ಗಾಯಿಸಿದರು. ಹಳೆಯದು, ಒಂದು ಸಲಕ್ಕೆ ಒಂದೇ ಗುಂಡು ಹಿಡಿಯುವಂಥದ್ದು, ಹಿಡಿಯ ಮರದಲ್ಲಿ ಅವರ ಕೆನ್ನೆ ತಾಗಿ ತಾಗಿ ಬಣ್ಣ ಹೋದ ಜಾಗವಿದೆ. ಈಗ ಅಲ್ಲಿ ನನ್ನ ಕೆನ್ನೆ ತಾಗುತ್ತದೆ. ನೀವು ಕರಗಿಸಲು ಹೊರಟಿರುವುದು ಇದನ್ನು.

ಇನ್ನು ನಿಮ್ಮ ಹೆಚ್ಚುವರಿ ಸುಂಕದ ವಿಷಯ. ಮೊದಲು ಒಂದು ಪ್ಯಾಂಟಿನ ಕೆಳತುದಿ ಮಡಚಿ ಹೊಲಿದರೆ ಒಂದು ಸಂಜೆಯ ಅಭ್ಯಾಸಕ್ಕೆ ಸಾಕಾಗುವಷ್ಟು ಗುಂಡು ಬರುತ್ತಿತ್ತು. ಆಮೇಲೆ ಒಂದು ಜಿಪ್ಪು ಪೂರ್ತಿ ಬದಲಿಸಬೇಕಾಯಿತು. ಈಗ ಒಂದು ಕೋಟಿನ ಒಳಬಟ್ಟೆಯನ್ನೆಲ್ಲ ಬಿಚ್ಚಿ ಹೊಸದು ಕೂರಿಸಿದರೂ ಒಂದು ಡಬ್ಬಿ ಸಿಗುವುದಿಲ್ಲ. ತಾಮ್ರ ತುಟ್ಟಿ, ಸೀಸ ತುಟ್ಟಿ, ಸಾಗಣೆ ತುಟ್ಟಿ ಎಂದು ಅಂಗಡಿಯವರು ಹೇಳಿದಾಗ ಗೊಣಗಿಕೊಂಡೇ ಕೊಟ್ಟೆವು. ನೂಲೂ ತುಟ್ಟಿಯಾಗಿದೆ, ನಮಗೆ ಅರ್ಥವಾಗುತ್ತದೆ. ಅದರ ಮೇಲೆ ನೀವು ಬಂದು ಸುಂಕ ಹೇರಿದಿರಿ. ಕಾರಣ ಏನು ಕೊಟ್ಟಿರಿ? ಅಪರಾಧ ತಡೆ! ಅಪರಾಧಿಗಳು ನೋಂದಾಯಿತ ಅಂಗಡಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಹೆಬ್ಬೆಟ್ಟು ಒತ್ತಿ, ಕಾಗದದ ಗುರಿಗೆ ಹೊಡೆಯುವ ಸಣ್ಣ ಗುಂಡು ಕೊಳ್ಳುತ್ತಾರೆ, ಬೆಲೆ ಕೇಳಿ ಬೆಚ್ಚಿಬಿದ್ದು, ಅಯ್ಯೋ ಇಷ್ಟೊಂದಾ, ಹಾಗಾದರೆ ನಾವು ಒಳ್ಳೆಯವರಾಗುತ್ತೇವೆ ಎಂದು ಮನೆಗೆ ಹೋಗುತ್ತಾರೆ, ಅಲ್ಲವೇ? ಇದನ್ನು ಯೋಚಿಸಿದ ತಲೆಗೆ ಒಂದು ಒಳ್ಳೆಯ ಟೋಪಿ ಹೊಲಿದುಕೊಡಬೇಕು ಅನಿಸುತ್ತದೆ.

ಅಪರಾಧಿಗಳು ಬಿಡಲಿಲ್ಲ, ನಮ್ಮ ರೈಫಲ್ ಕ್ಲಬ್ಬಿನವರು ಬಿಟ್ಟರು. ಒಬ್ಬ ಮೇಷ್ಟರು, ಒಬ್ಬ ಗಡಿಯಾರ ರಿಪೇರಿಯವರು, ಅಕ್ಕತಂಗಿಯರಿಬ್ಬರು, ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಉಳಿದವರು ಬದುಕುವ ದಾರಿ ಹುಡುಕಿದೆವು. ಗುಂಡಿಲ್ಲದೆ ಹೊಡೆಯುವುದು! ನಗಬೇಡಿ, ಎಲ್ಲ ಕಡೆಯೂ ಮಾಡುತ್ತಾರೆ. ಒಳಗೇನೂ ಇಲ್ಲದೆ ಟ್ರಿಗರ್ ಎಳೆದರೆ ನಮ್ಮ ಹಳೆಯ ರೈಫಲ್ಲುಗಳಲ್ಲಿ ಗುಂಡಿನ ಅಂಚಿಗೆ ಬಡಿಯುವ ಸೂಜಿಮೊನೆ ಹಾಳಾಗುತ್ತದೆ. ಆದ್ದರಿಂದ ಒಮ್ಮೆ ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕವಚವನ್ನೇ ತೂರಿಸುತ್ತೇವೆ. ನಾವು ಅದಕ್ಕೆ ಸಿಪ್ಪೆ ಎನ್ನುತ್ತೇವೆ. ಸಿಪ್ಪೆ ಹಾಕು, ಗುರಿಯಿಡು, ಉಸಿರು ಹಿಡಿ, ಎಳೆ, 'ಟಿಕ್'. ಆಮೇಲೆ ಒಂದು ಮುಖ್ಯ ಕೆಲಸವಿದೆ: ಗುಂಡು ಇದ್ದಿದ್ದರೆ ಎಲ್ಲಿಗೆ ಬೀಳುತ್ತಿತ್ತು ಎಂದು ಹೊಡೆದವರೇ ಗಟ್ಟಿಯಾಗಿ ಕೂಗಿ ಹೇಳಬೇಕು. ಎಳೆದ ಕ್ಷಣದಲ್ಲಿ ಕೈ ಎಲ್ಲಿತ್ತು ಎಂದು ಎಳೆದವರಿಗೆ ಗೊತ್ತೇ ಇರುತ್ತದೆ. ಒಪ್ಪಿಕೊಳ್ಳುವುದೇ ಕಷ್ಟ.

ಅಂಗಡಿಗೆ ಅಂಟಿಕೊಂಡ ನಮ್ಮ ಮನೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಎದುರಿನ ಗೋಡೆಗೆ ಒಂದು ಕಪ್ಪು ಗುಂಡಿ ಹೊಲಿದ ಬಿಳಿ ಬಟ್ಟೆ ಅಂಟಿಸಿದ್ದೇನೆ. ಅದೇ ನನ್ನ ಗುರಿ. ನಟ್ಟ ನಡುವೆ ಬಿದ್ದರೆ ಹತ್ತು ಅಂಕ, ಆಚೆ ಸರಿದಷ್ಟೂ ಕಡಿಮೆ. ನಾನು ನೆಲದ ಮೇಲೆ ಮಲಗುತ್ತೇನೆ, ಅತ್ತೆ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಟಿಕ್ ಎಂದ ಕೂಡಲೇ ಕೇಳುತ್ತಾರೆ:

"ಎಲ್ಲಿ?"

"ಹತ್ತು."

"ಸುಳ್ಳು."

"ಒಂಬತ್ತು, ಅತ್ತೆ."

"ಇನ್ನೊಂದ್ಸಲ ಕೇಳ್ಲಾ?"

"ಎಂಟು. ಎಡಕ್ಕೆ. ಬೆರಳು ಕಿತ್ಕೊಂಡ್ಬಿಟ್ಟೆ."

"ಹಾಂ. ಈಗ ಹೇಳ್ದೆ ನೋಡು."

ನಾನು ಬೆನ್ನು ತೋರಿಸಿ ಮಲಗಿರುವಾಗ ಇವರಿಗೆ ಹೇಗೆ ಗೊತ್ತಾಗುತ್ತದೆಯೋ! ಸುಳ್ಳು ಹೇಳುವವರ ಕಿವಿ ಕೆಂಪಾಗುತ್ತದೆ, ಹಿಂದಿನಿಂದಲೂ ಕಾಣಿಸುತ್ತದೆ ಎನ್ನುತ್ತಾರೆ ಅತ್ತೆ. ಹೀಗೆ ತಿಂಗಳುಗಟ್ಟಲೆ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಮಧ್ಯಾಹ್ನ ಗಿರಾಕಿ ಇಲ್ಲದಾಗ, ನಿಜವಾದ ಗುಂಡಿನ ಮುಖ ನೋಡದೆ ಅಭ್ಯಾಸ ಮಾಡಿದೆ. ಕೊಳ್ಳಲು ಆದದ್ದು ನಿಮ್ಮ ವಾರ್ಷಿಕ ಪರೀಕ್ಷೆಗೆ ಬೇಕಾದಷ್ಟು ಮಾತ್ರ: ಹತ್ತು ಗುಂಡು. ಪರೀಕ್ಷೆಯಲ್ಲಿ ನಿಗದಿತ ಅಂಕ ಬಾರದಿದ್ದರೆ ಪರವಾನಗಿ ಇಲ್ಲ ಎಂಬ ನಿಯಮವೂ ನಿಮ್ಮದೇ. ಹೊಡೆಯಲೇಬೇಕು ಎಂದು ಒಂದು ಕೈಯಲ್ಲಿ ಬರೆದು, ಹೊಡೆಯಲಾಗದ ಹಾಗೆ ಇನ್ನೊಂದು ಕೈಯಲ್ಲಿ ಬರೆಯುವವರು ಸಹಿಯನ್ನು ಯಾವ ಕೈಯಲ್ಲಿ ಹಾಕುತ್ತೀರಿ?

ಕ್ಷಮಿಸಿ, ಒಬ್ಬರು ಸ್ಕರ್ಟು ತೆಗೆದುಕೊಂಡು ಹೋಗಲು ಬಂದಿದ್ದರು. ಎಲ್ಲಿದ್ದೆ? ಪರೀಕ್ಷೆ.

ಪರೀಕ್ಷೆಯ ದಿನ ಚಾಪೆ ಹಾಸಿ ಮಲಗಿದೆವು. ನನ್ನ ಪಕ್ಕದ ಚಾಪೆಯಲ್ಲಿ ಆಸ್ಪತ್ರೆಯ ನರ್ಸು. ನಿಮ್ಮ ಪರೀಕ್ಷಾಧಿಕಾರಿ ಎಲ್ಲರ ರೈಫಲ್ಲಿನ ಒಳಗೆ ಇಣುಕಿ ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡರು. ಹತ್ತು ತೂತಿನ, ಅಂಗೈಯಗಲದ ಮರದ ದಿಮ್ಮಿಯಲ್ಲಿ ಹತ್ತು ಗುಂಡುಗಳನ್ನು ನಿಲ್ಲಿಸಿ ಮುಂದಿಟ್ಟುಕೊಂಡಿದ್ದೆ. ಶುರು ಮಾಡಿ ಎಂದರು. ನಾನು ಉಸಿರು ಹಿಡಿದೆ. ಕಣ್ಣು ಗುರಿಯ ಮೇಲೆ. ಕೈ ತನ್ನಷ್ಟಕ್ಕೆ ತಾನು ದಿನಾ ಹೋಗುವ ಕಡೆಗೇ ಹೋಯಿತು. ದಿಮ್ಮಿಯ ಕಡೆಗಲ್ಲ, ಜಾಕೆಟ್ಟಿನ ಜೇಬಿಗೆ. ಜೇಬಿನಲ್ಲಿದ್ದ ಸಿಪ್ಪೆ ತೆಗೆದು ರೈಫಲ್ಲಿಗೆ ತುಂಬಿ, ಬೋಲ್ಟು ಹಾಕಿ, ಜನ್ಮದಲ್ಲೇ ಎಳೆಯದಷ್ಟು ಚೆನ್ನಾಗಿ ಟ್ರಿಗರ್ ಎಳೆದೆ. ಅಕ್ಕಪಕ್ಕದವರ ರೈಫಲ್ಲುಗಳು ಢಂ ಢಂ ಎನ್ನುತ್ತಿದ್ದವು, ನನ್ನ ಕಿವಿಗಳ ಮೇಲೆ ದಪ್ಪ ಮುಚ್ಚಳ. ನಾನು ಮನೆಯಲ್ಲಿ ಕೂಗುವ ಹಾಗೆಯೇ ರೇಂಜು ಮೊಳಗುವಂತೆ ಕೂಗಿದೆ, "ಹತ್ತು! ನಟ್ಟ ನಡುವೆ!"

ನರ್ಸು ನಗಲು ಶುರುಮಾಡಿದಳು. ಆಮೇಲೇ ನನಗೆ ಹೊಳೆದದ್ದು. ಬೋಲ್ಟು ಎಳೆದೆ, ಸಿಪ್ಪೆ ಚಾಪೆಯ ಮೇಲೆ ಬಿದ್ದು ಉರುಳಿತು. ಕೈ ಎತ್ತಿದೆ. ಪರೀಕ್ಷಾಧಿಕಾರಿ ಬಂದರು, ವಯಸ್ಸಿನಲ್ಲಿ ಚಿಕ್ಕವರು, ತುಂಬ ಮರ್ಯಾದಸ್ಥರು.

"ಸರ್, ನಾನು ಸಿಪ್ಪೆ ಹಾಕ್ಬಿಟ್ಟೆ. ಗುಂಡು ಹಾರಿಲ್ಲ. ಮೊದ್ಲಿಂದ ಶುರು ಮಾಡ್ತೀನಿ."

ಅವರು ಚಾಪೆಯ ಮೇಲಿನ ಸಿಪ್ಪೆ ನೋಡಿದರು. "ಖಾಲಿ ಕವಚ ಇಲ್ಲೇ ಬಿದ್ದಿದೆಯಲ್ಲ ಮೇಡಂ. ಹಾರಿದೆ ಅಂತಾಯ್ತಲ್ಲ."

"ಅದು ಹಳೇದು ಸರ್. ಅಂಚು ನೋಡಿ, ಸೂಜಿ ಹೊಡೆದು ಹೊಡೆದು ಎಷ್ಟು ಕಡೆ ತಗ್ಗಾಗಿದೆ. ಹೊಸ ಗುಂಡಾದ್ರೆ ಒಂದೇ ತಗ್ಗು ಇರತ್ತೆ."

"ತಗ್ಗಿನ ಬಗ್ಗೆ ನಮ್ಮ ನಿಯಮದಲ್ಲಿ ಏನೂ ಇಲ್ಲ ಮೇಡಂ."

"ಸದ್ದೇ ಬರ್ಲಿಲ್ವಲ್ಲ ಸರ್!"

"ಇಷ್ಟು ಸದ್ದಲ್ಲಿ ನಿಮ್ಮದು ಯಾವುದು ಅಂತ ನಾನು ಹೇಗೆ ಹೇಳ್ಲಿ? ಆದ್ರೆ ನೀವು 'ಹತ್ತು' ಅಂತ ಕೂಗಿದ್ದು ಎಲ್ರಿಗೂ ಕೇಳಿಸ್ತು. ಗುರಿಹಲಗೆಯಲ್ಲಿ ತೂತಿಲ್ಲ. ಹಾಗಾದ್ರೆ ತಪ್ಪಿದೆ."

"ದಿಮ್ಮಿ ನೋಡಿ. ಹತ್ತಕ್ಕೆ ಹತ್ತೂ ಇದೆ!"

ಅಲ್ಲಿಯೇ ನಾನು ಕೆಟ್ಟೆ. ಅವರು ದಿಮ್ಮಿಯಲ್ಲಿದ್ದದ್ದನ್ನು ಎಣಿಸಿದರು, ಚಾಪೆಯ ಮೇಲಿನದನ್ನು ಕೂಡಿಸಿದರು, ಮುಖ ಗಂಭೀರವಾಯಿತು. "ಹನ್ನೊಂದು ತಂದಿದ್ದೀರಿ" ಎಂದು ದಿಮ್ಮಿಯ ಕೊನೆಯ ತೂತಿನಿಂದ ಒಂದು ಗುಂಡನ್ನು ಎರಡು ಬೆರಳಲ್ಲಿ ಎತ್ತಿ ಕವರಿಗೆ ಹಾಕಿ ನಾಲಿಗೆಯಿಂದ ಅಂಚು ಒದ್ದೆ ಮಾಡಿ ಮುಚ್ಚಿದರು. ನನ್ನ ತಪ್ಪಿಲ್ಲವೆಂದು ನಾನು ಹೇಳುತ್ತಿಲ್ಲ. ಪೆದ್ದುತನ ನನ್ನದೇ. ಆದರೆ ನಿಜವಾದ ಗುಂಡು ಮುಟ್ಟಿ ಮುಟ್ಟಿ ಅಭ್ಯಾಸವಿರುವ ಕೈ ಯಾವುದಾದರೂ ಸಿಪ್ಪೆ ಹುಡುಕಿಕೊಂಡು ಹೋಗುತ್ತದೆಯೇ? ಅದನ್ನು ಆ ಜೇಬಿಗೆ ಅಟ್ಟಿದವರು ಯಾರು? ಉಳಿದ ಒಂಬತ್ತನ್ನು ಹೊಡೆದೆ. ತಲೆಯೊಳಗೆ ಜೇನುಗೂಡು ಕೆದರಿದಂತಿತ್ತು, ಆದರೂ ಹೊಡೆದೆ. ನಿಮ್ಮ ಗೆರೆಗೆ ಆರು ಅಂಕ ಕಡಿಮೆ ಬಿತ್ತು. ಆರು! ಆ ಹತ್ತನೆಯ ಗುಂಡು ಗುರಿಹಲಗೆಯ ಯಾವುದೋ ಮಧ್ಯಮ ವೃತ್ತಕ್ಕೆ ತಾಗಿದ್ದರೂ ಸಾಕಿತ್ತು. ಅದು ಆಗ ನಿಮ್ಮ ಅಧಿಕಾರಿಯ ಎದೆಯ ಜೇಬಿನಲ್ಲಿತ್ತು.

ಆದೇಶದ ಕೊನೆಯ ಸಾಲನ್ನು ನಮ್ಮ ಮನೆಯವರು ಗಟ್ಟಿಯಾಗಿ ಓದಿದರು: "ಅರ್ಜಿದಾರರಿಗೆ ಹೆಚ್ಚಿನ ಅಭ್ಯಾಸದ ಅಗತ್ಯವಿದೆ." ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹೆಚ್ಚಿನ ಅಭ್ಯಾಸ ಮಾಡಬೇಕಂತೆ! ಯಾತರಿಂದ, ಗುಂಡಿಗಳಿಂದಲೇ? ನನ್ನ ಹತ್ತಿರ ಡಬ್ಬಿಗಟ್ಟಲೆ ಇವೆ, ನಾಲ್ಕು ತೂತಿನವೂ ಇವೆ.

ಅತ್ತೆ ನಗಲಿಲ್ಲ. "ಗುಂಡು ಎದುರಿಗಿಟ್ಕೊಂಡು ಸಿಪ್ಪೆ ತುಂಬಿದ್ಯಲ್ಲೇ, ನಿನ್ನಂಥವಳನ್ನ ನಾನೆಲ್ಲೂ ನೋಡಿಲ್ಲ" ಎಂದು ಬೈದರು. ಬೈದು, ಸಾಲದೆ ಇನ್ನೊಮ್ಮೆ ಬೈದು, ರೈಫಲ್ಲು ತೆಗೆದುಕೊಂಡು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಎಣ್ಣೆ ಬಟ್ಟೆಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ನಾನು ಅಡುಗೆಮನೆಗೂ ಅಂಗಡಿಗೂ ನಡುವೆ ಶತಪಥ ತಿರುಗುತ್ತಿದ್ದೆ. ಆಗ ಅವರು ತಲೆ ಎತ್ತದೆ ಕೇಳಿದರು, "ಇದನ್ನ ಕರಗಿಸ್ಬಿಟ್ರೆ ನಾವಿಬ್ರೂ ಏನು ಮಾತಾಡೋದೇ?"

ಟೀ ಸಕ್ಕರೆ, ಪರದೆ, ಮಗನ ಊಟ, ಇವುಗಳ ಬಗ್ಗೆ ನಾವು ಆಡುವುದು ಮಾತಲ್ಲ, ಕಚ್ಚಾಟ. ಮಾತು ಅಂತ ಇರುವುದು 'ಎಲ್ಲಿ?' ಎಂಬ ಆ ಒಂದು ಪ್ರಶ್ನೆ ಮತ್ತು ಅದಕ್ಕೆ ನಾನು ಕೊಡುವ ಉತ್ತರ. ಅಷ್ಟರಲ್ಲೇ ಇಷ್ಟು ವರ್ಷ ನಾವು ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡಿದ್ದೇವೆ. ನಾನು ಅವರ ಪಕ್ಕ ಕೂತು ಅತ್ತುಬಿಟ್ಟೆ. ಕೂತು, ಮಾನ್ಯರೇ. ಎಷ್ಟು ಹೊತ್ತು ಕೂತಿದ್ದೆನೆಂದರೆ ನಮ್ಮ ಮನೆಯವರು ಹೆದರಿ, ಡಾಕ್ಟರನ್ನು ಕರೆಯಲೇ ಎಂದು ಕೇಳಿದರು.

ಮೇಲ್ಮನವಿ ಹಾಕಿದೆ. ಮರುಪರೀಕ್ಷೆ ಮುಂದಿನ ವರ್ಷ, ಆದರೆ ರೈಫಲ್ಲು ಈ ತಿಂಗಳೇ ಎಂದು ಉತ್ತರ ಬಂತು. ಕರಗಿಸಿದ ಮೇಲೆ ಯಾತರಿಂದ ಪರೀಕ್ಷೆ ಕೊಡಲಿ, ಬಟ್ಟೆ ಅಳೆಯುವ ಕೋಲಿನಿಂದಲೇ? ಬದಲಿಗೆ ಬೇರೆ ಹವ್ಯಾಸ ಹಿಡಿಯಬಹುದಲ್ಲ ಎಂದು ನಿಮ್ಮ ಗುಮಾಸ್ತರು ಸಲಹೆ ಕೊಟ್ಟರು. ಅವರ ಮನೆಯವರು ಚಿತ್ರ ಬಿಡಿಸುತ್ತಾರಂತೆ, ತುಂಬ ನೆಮ್ಮದಿಯಂತೆ. ಒಳ್ಳೆಯದಾಗಲಿ. ಬಣ್ಣಕ್ಕೆ ಇನ್ನೂ ಸುಂಕ ಹಾಕಿಲ್ಲವೆಂದು ಕಾಣುತ್ತದೆ, ಬೇಗ ಬೇಗ ಬಿಡಿಸಿಕೊಳ್ಳಲು ಹೇಳಿ.

ಈಗ ನನ್ನ ಬೇಡಿಕೆ. ಸುಂಕವನ್ನು ನಾಳೆಯೇ ತೆಗೆಯಿರಿ ಎಂದು ಕೇಳುವಷ್ಟು ಮುಗ್ಧೆ ನಾನಲ್ಲ, ಆದರೂ ಕೇಳುತ್ತೇನೆ: ಕ್ಲಬ್ಬಿನಲ್ಲೇ ಕೊಂಡು ಕ್ಲಬ್ಬಿನಲ್ಲೇ ಹಾರಿಸಿ ಸಿಪ್ಪೆ ವಾಪಸು ಕೊಡುವ ಗುಂಡಿಗಾದರೂ ಸುಂಕ ಬಿಡಿ. ಅದು ನಿಮ್ಮ ಮೀಟಿಂಗಿಗೆ. ನನಗೆ ಈ ತಿಂಗಳೊಳಗೆ ಬೇಕಾದದ್ದು ಒಂದೇ. ಆ ಕವರನ್ನು ತೆಗೆದುಕೊಂಡು ಒಂದು ಸಂಜೆ ನೀವೇ ನಮ್ಮ ರೇಂಜಿಗೆ ಬನ್ನಿ. ಮೊಹರು ನನ್ನ ಎದುರು ಒಡೆಯಿರಿ. ನನ್ನ ಗುಂಡು ನನಗೆ ಕೊಡಿ. ನಾನು ಚಾಪೆಯ ಮೇಲೆ ಮಲಗುತ್ತೇನೆ, ಜೇಬು ನೀವೇ ತಡವಿ ನೋಡಬಹುದು, ಅದನ್ನು ಆಗಲೇ ಹೊಲಿದು ಮುಚ್ಚಿಬಿಟ್ಟಿದ್ದೇನೆ. ಅತ್ತೆ ಹಿಂದೆ ಸ್ಟೂಲಿನ ಮೇಲೆ ಕೂತಿರುತ್ತಾರೆ. ಹೊಡೆಯುತ್ತೇನೆ. ಅವರು 'ಎಲ್ಲಿ?' ಎಂದು ಕೇಳುತ್ತಾರೆ, ಗುರಿಹಲಗೆ ನೋಡುವ ಮೊದಲು ನಾನು ಹೇಳುತ್ತೇನೆ. ನನಗೆ ಬೇಕಿರುವುದು ಆರು. ಐದಕ್ಕೆ ಬಿದ್ದರೆ ಐದು ಎಂದೇ ಹೇಳಿ, ರೈಫಲ್ಲನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ನಿಮ್ಮ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಹೋಗುತ್ತೇನೆ.

ಆಮೇಲೆ ಅತ್ತೆ ನಿಮ್ಮ ಕಡೆ ತಿರುಗುತ್ತಾರೆ. ಸುಂಕ ಹೇರಿ ನೀವೂ ಒಂದು ಹೊಡೆದಿದ್ದೀರಿ, ಅಪರಾಧಿಗಳಿಗೆಂದು ಗುರಿಯಿಟ್ಟು. ಅದು ಎಲ್ಲಿಗೆ ಬಿತ್ತು ಎಂದು ಕೇಳುತ್ತಾರೆ. ದಯವಿಟ್ಟು ಉತ್ತರ ಸಿದ್ಧ ಮಾಡಿಕೊಂಡು ಬನ್ನಿ, ಮತ್ತು ಬರುವಾಗ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಬರಬೇಡಿ. ಅವರಿಗೆ ಕಿವಿ ಕಾಣಿಸಬೇಕು.

ಇಂತಿ,
ಗುಂಡು ನಿಮ್ಮಲ್ಲಿ, ಸಿಪ್ಪೆ ತನ್ನಲ್ಲಿ ಇಟ್ಟುಕೊಂಡು,
ಬರೆದು ಮುಗಿಸುವುದರೊಳಗೆ ಒಂಬತ್ತು ಸಲ ಎದ್ದು ಕೂತ
(ಅತ್ತೆ ಹನ್ನೊಂದು ಎನ್ನುತ್ತಿದ್ದಾರೆ, ಹನ್ನೊಂದೇ)
ಮೆಟ್ಟಿಲ ಕೆಳಗಿನ ಅಂಗಡಿಯ ದರ್ಜಿ